ಹೊಸ ಲೇಔಟ್‌ಗೆ ನೀರು, ಒಳಚರಂಡಿ, ಕರೆಂಟ್: ರಸ್ತೆ ಹಾಕುವ ಮುಂಚೆ ಏನೇನು ಆಗಬೇಕು?

ಲೇಔಟ್ ಮಾಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆ ಇದು. ನೀರು ಬೇಕು, ಒಳಚರಂಡಿ ಬೇಕು, ಕರೆಂಟ್ ಬೇಕು, ಇಂಟರ್ನೆಟ್ ಬೇಕು, ಎಲ್ಲಾ ಸರಿ, ಆದರೆ ಯಾವುದರಿಂದ ಶುರು ಮಾಡೋದು? ಸೈಟ್ ಕೊಳ್ಳುವವರು ಇದನ್ನೇ ತಿರುಗಿಸಿ ಕೇಳುತ್ತಾರೆ. "ಎಲ್ಲಾ ಸೌಕರ್ಯ ಇದೆ ಅಂತಾರೆ, ನಾವು ಏನು ನೋಡಿ ನಂಬಬೇಕು?" ಇಬ್ಬರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಚಿಕ್ಕದು. ತಗ್ಗಿನಿಂದ ಶುರು ಮಾಡಿ, ರಸ್ತೆಯನ್ನು ಕೊನೆಗೆ ಇಟ್ಟುಕೊಳ್ಳಿ. ಕುಡಿಯುವ ನೀರನ್ನು ಪಂಪ್ ಮಾಡಿ ಮೇಲಕ್ಕೆ ಏರಿಸಬಹುದು. ಕೇಬಲ್ಲನ್ನು ಬೇಕಾದ ಕಡೆ ತಿರುಗಿಸಬಹುದು. ಕೊಳಚೆ ನೀರು, ಮಳೆನೀರು ಹಾಗಲ್ಲ. ಅವು ತಗ್ಗಿದ್ದ ಕಡೆಗೇ ಹೋಗುತ್ತವೆ, ನಕ್ಷೆಯಲ್ಲಿ ನೀವು ಗೆರೆ ಎಲ್ಲಿ ಎಳೆದಿದ್ದೀರಿ ಅಂತ ನೋಡುವುದಿಲ್ಲ. ಸೈಟುಗಳನ್ನು ಚೆಂದವಾಗಿ ಚೌಕ ಚೌಕ ಮಾಡಿ, ರಸ್ತೆ ಹಾಕಿ, ಆಮೇಲೆ ಪೈಪಿನ ಬಗ್ಗೆ ಯೋಚಿಸಿದರೆ ಅದೇ ರಸ್ತೆಯನ್ನು ಮತ್ತೆ ಮತ್ತೆ ಅಗೆಯಬೇಕಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಕೊಟ್ಟ ಅಂಕಿಗಳು ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ನಿಮ್ಮ ಸ್ಥಳೀಯ ಸಂಸ್ಥೆಯ ನಿಯಮ ಬೇರೆ ಇದ್ದರೆ ಅದನ್ನೇ ಪಾಲಿಸಬೇಕು.

1. ಲೆವೆಲ್ ಸರ್ವೇ ಮಾಡಿಸಿ

ಅಳತೆ ಸರ್ವೇ ಎಲ್ಲರೂ ಮಾಡಿಸುತ್ತಾರೆ. ಲೆವೆಲ್ ಸರ್ವೇ, ಅಂದರೆ ಜಾಗದ ಏರು-ತಗ್ಗಿನ ಸರ್ವೇ, ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಇದನ್ನು ಬಿಡಬೇಡಿ. ಜಾಗದ ಪ್ರತಿ ಭಾಗದ ಎತ್ತರ, ಅತಿ ತಗ್ಗಿನ ಮೂಲೆ, ಅಕ್ಕಪಕ್ಕದ ಜಮೀನಿಂದ ನೀರು ಒಳಗೆ ಬರುವ ಜಾಗ, ಹಳೆಯ ಹಳ್ಳ ಕೊಳ್ಳ ಎಲ್ಲವೂ ನಕ್ಷೆಯಲ್ಲಿ ಬರಬೇಕು. ಬೇಸಿಗೆಯಲ್ಲಿ ಒಣಗಿರುವ ಹಳ್ಳ ಹಳ್ಳವೇ. ಅದನ್ನು ಮುಚ್ಚಿ ಸೈಟ್ ಮಾಡಿದರೆ ಮೊದಲ ದೊಡ್ಡ ಮಳೆಗೆ ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಬರುತ್ತದೆ, ಆಗ ಅಲ್ಲಿ ಯಾರದೋ ಮನೆ ಇರುತ್ತದೆ.

ಇನ್ನೊಂದು ಅಂಕಿ ಈ ಹಂತದಲ್ಲೇ ಬೇಕು. ನಿಮ್ಮ ಒಳಚರಂಡಿ ಹೋಗಿ ಸೇರುವ ಮುಖ್ಯ ಮ್ಯಾನ್‌ಹೋಲಿನ ತಳದ ಲೆವೆಲ್. ಎಂಜಿನಿಯರುಗಳು ಇದನ್ನು ಇನ್ವರ್ಟ್ ಲೆವೆಲ್ ಅನ್ನುತ್ತಾರೆ, ಅಂದರೆ ಪೈಪಿನ ಒಳತಳ ಎಷ್ಟು ಎತ್ತರದಲ್ಲಿದೆ ಅನ್ನುವುದು. ಹಳೇ ಕಾಗದ ನೋಡಿ ಇದನ್ನು ಬರೆದುಕೊಳ್ಳಬೇಡಿ. ಮುಚ್ಚಳ ತೆಗೆಸಿ ಅಳತೆ ಮಾಡಿಸಿ. ಅಳೆಯುವವರು ಮೇಲಿಂದಲೇ ಅಳೆಯಲಿ, ಯಾರನ್ನೂ ಒಳಗೆ ಇಳಿಸಬೇಡಿ. ಬಳಕೆಯಲ್ಲಿರುವ ಮ್ಯಾನ್‌ಹೋಲಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಗಾಳಿ ಇರುತ್ತದೆ. ಅದು ಜಾಸ್ತಿ ಇದ್ದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಮನುಷ್ಯ ನಿಂತಲ್ಲೇ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ.

2. ಎಷ್ಟು ಬೇಕು ಅಂತ ಲೆಕ್ಕ ಹಾಕಿ

ಉದಾಹರಣೆಗೆ 100 ಮನೆಗಳ, 4 ಹೆಕ್ಟೇರಿನ ಲೇಔಟ್ ಅಂದುಕೊಳ್ಳಿ. ಮನೆಗೆ 5 ಜನ, ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂದರೆ ದಿನಕ್ಕೆ 67,500 ಲೀಟರ್ ನೀರು. ಅದರಲ್ಲಿ ಸುಮಾರು ಶೇ. 80 ಕೊಳಚೆಯಾಗಿ ಹೊರಗೆ ಬರುತ್ತದೆ, ಅಂದರೆ 54,000 ಲೀಟರ್. ಇದು ದಿನವಿಡೀ ಒಂದೇ ಸಮ ಹರಿಯುವುದಿಲ್ಲ, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಸ್ನಾನ ಮಾಡುತ್ತಾರೆ ಅಲ್ವಾ? ಹಾಗಾಗಿ ಸರಾಸರಿಯ ಮೂರು ಪಟ್ಟು ಹಿಡಿಯುತ್ತಾರೆ. ಇದಕ್ಕೆ ಪೀಕ್ ಫ್ಯಾಕ್ಟರ್ ಅಂತ ಹೆಸರು. ಆಗ ಸೆಕೆಂಡಿಗೆ 2 ಲೀಟರಿಗಿಂತ ಸ್ವಲ್ಪ ಕಡಿಮೆ ಬರುತ್ತದೆ.

ಈಗ ಮಳೆಯ ಲೆಕ್ಕ ನೋಡಿ. ಗಂಟೆಗೆ 50 ಮಿ.ಮೀ. ಮಳೆ, 4 ಹೆಕ್ಟೇರ್ ಜಾಗ. ಸೂರು, ರಸ್ತೆ, ಕಾಂಕ್ರೀಟ್ ಅಂಗಳ ಎಲ್ಲಾ ಬಂದ ಮೇಲೆ ಬಿದ್ದ ಮಳೆಯಲ್ಲಿ ಶೇ. 60 ಹರಿದು ಬರುತ್ತದೆ ಅಂತ ಹಿಡಿದರೆ ಸೆಕೆಂಡಿಗೆ 333 ಲೀಟರ್! ಅದೇ ಜಾಗ ಬಯಲಾಗಿದ್ದಾಗ ಶೇ. 20 ಹರಿಯುತ್ತಿತ್ತು ಅಂದರೂ 111 ಲೀಟರ್ ಮಾತ್ರ.

ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ವಿಷಯ ಕಾಣುತ್ತದೆ. ನೀವು ಮನೆ ಕಟ್ಟಿದ್ದಕ್ಕೇ ಕೆಳಗಿನವರ ಮೇಲೆ ಮೂರು ಪಟ್ಟು ನೀರು ಬೀಳುತ್ತದೆ. ಮತ್ತೆ, ಮಳೆನೀರು ಕೊಳಚೆಯ ನೂರೈವತ್ತು ಪಟ್ಟಿಗೂ ಜಾಸ್ತಿ. ಮಳೆನೀರನ್ನು ಒಳಚರಂಡಿಗೆ ಬಿಟ್ಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ತಗ್ಗಿನ ಮನೆಯವರ ಬಚ್ಚಲಿನಿಂದ ಕೊಳಚೆ ಮೇಲೆ ಉಕ್ಕುತ್ತದೆ.

ಕರೆಂಟಿನ ಲೆಕ್ಕವನ್ನು ಮುಂದೆ ಅದರ ಜಾಗದಲ್ಲೇ ಕೊಟ್ಟಿದ್ದೇನೆ.

3. ಒಪ್ಪಿಗೆ ಪತ್ರ ಲಿಖಿತವಾಗಿ ತಗೊಳ್ಳಿ

ಲೆಕ್ಕ ಕೈಯಲ್ಲಿ ಹಿಡಿದುಕೊಂಡು ನೀರು ಕೊಡುವವರ, ಒಳಚರಂಡಿಯವರ, ವಿದ್ಯುತ್ ಕಂಪನಿಯವರ ಬಳಿ ಹೋಗಿ. "ಕೊಡ್ತೀವಿ ಬಿಡಿ" ಅನ್ನುವ ಬಾಯಿಮಾತಿಗೆ ಬೆಲೆ ಇಲ್ಲ. ಪತ್ರದಲ್ಲಿ ಇಷ್ಟು ಇರಲೇಬೇಕು: ಎಷ್ಟು ಪ್ರಮಾಣ, ಯಾವ ಜಾಗದಿಂದ ಸಂಪರ್ಕ, ಆ ಜಾಗದಲ್ಲಿ ನೀರಿನ ಒತ್ತಡ ಎಷ್ಟು, ಈಗಿರುವ ಲೈನ್ ದೊಡ್ಡದು ಮಾಡಬೇಕಾದರೆ ಖರ್ಚು ಯಾರದು, ಪತ್ರ ಎಲ್ಲಿಯವರೆಗೆ ಊರ್ಜಿತ. ಕೊನೆಯದನ್ನು ಜಾಸ್ತಿ ಜನ ಓದುವುದೇ ಇಲ್ಲ. ಲೇಔಟ್ ಕೆಲಸ ಎಳೆದುಕೊಂಡು ಹೋಗುತ್ತದೆ, ಅಷ್ಟರಲ್ಲಿ ಪತ್ರದ ಅವಧಿ ಮುಗಿದಿರುತ್ತದೆ, ನಿಮಗೆ ಅಂತ ಇಟ್ಟ ಸಾಮರ್ಥ್ಯ ಬೇರೆಯವರಿಗೆ ಹೋಗಿರುತ್ತದೆ.

ನಿಮ್ಮ ಪೈಪು ಬೇರೆಯವರ ಜಮೀನು ದಾಟಿ ಹೋಗಬೇಕಾದರೆ ಆ ದಾರಿಯ ಹಕ್ಕನ್ನು ನೋಂದಾಯಿಸಿಕೊಳ್ಳಿ. ಇವತ್ತಿನ ಮಾಲೀಕರು ಸ್ನೇಹಿತರೇ ಇರಬಹುದು, ನಾಳೆ ಜಮೀನು ಕೈ ಬದಲಾದರೆ ಹೊಸಬರು ಪೈಪು ತೆಗೆಯಿರಿ ಅಂತಾರೆ. ಲೇಔಟ್ ಒಳಗೂ ಅಷ್ಟೇ. ಸೈಟುಗಳ ಹಿಂಭಾಗದಲ್ಲಿ ಪೈಪು ಹೋಗುವುದಿದ್ದರೆ ಆ ಪಟ್ಟಿಯ ಮೇಲೆ ಏನನ್ನೂ ಕಟ್ಟಬಾರದು ಅಂತ ಕ್ರಯಪತ್ರದಲ್ಲೇ ಬರಲಿ. ನನ್ನನ್ನು ಕೇಳಿದರೆ ಹಿಂಭಾಗದ ಪೈಪು ಬೇಡವೇ ಬೇಡ. ಪೈಪಿನೊಳಗೆ ಕಸ ಕಟ್ಟಿಕೊಂಡಾಗ ಯಂತ್ರ ತರಲು ದಾರಿಯೇ ಇರುವುದಿಲ್ಲ.

4. ಒಳಚರಂಡಿಯ ದಾರಿ ಗಟ್ಟಿ ಮಾಡಿ

ಎಲ್ಲಾ ಲೈನುಗಳಲ್ಲಿ ಮೊದಲು ಗಟ್ಟಿಯಾಗಬೇಕಾದದ್ದು ಇದೇ. ಪೈಪಿಗೆ ಸಾಕಷ್ಟು ವಾಟ ಇರಬೇಕು. ನೀರು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಹರಿದರೆ ತಳದಲ್ಲಿ ಕೂತ ಹೂಳನ್ನು ತಾನೇ ತಳ್ಳಿಕೊಂಡು ಹೋಗುತ್ತದೆ. ಮನೆಗಳ ಬೀದಿಯಲ್ಲಿ ಹರಿವು ಕಡಿಮೆ ಇರುವುದರಿಂದ 150 ಮಿ.ಮೀ. ಪೈಪಿಗೆ 100ಕ್ಕೆ 1ರ ವಾಟ, ಅಂದರೆ 100 ಮೀಟರ್ ಉದ್ದಕ್ಕೆ 1 ಮೀಟರ್ ಇಳಿತ ಕೊಟ್ಟರೆ ಚಿಂತೆ ಇಲ್ಲ.

ಇದರ ಪರಿಣಾಮ ಯೋಚಿಸಿ. ಜಾಗ ಸಮತಟ್ಟಾಗಿದ್ದು ಬೀದಿ 300 ಮೀಟರ್ ಉದ್ದ ಇದ್ದರೆ, 1 ಮೀಟರ್ ಆಳದಲ್ಲಿ ಶುರುವಾದ ಪೈಪು ಕೊನೆಗೆ 4 ಮೀಟರ್ ಆಳಕ್ಕೆ ಹೋಗಿರುತ್ತದೆ. ಹೊರಗಿನ ಮುಖ್ಯ ಪೈಪು 3 ಮೀಟರ್ ಆಳದಲ್ಲಿದ್ದರೆ? ಸೇರಿಸಲು ಆಗುವುದೇ ಇಲ್ಲ. ಆಗ ಬೀದಿಯ ದಿಕ್ಕು ಬದಲಿಸಬೇಕು, ಇಲ್ಲ ದೊಡ್ಡ ಪೈಪು ಹಾಕಿ ವಾಟ ಕಡಿಮೆ ಮಾಡಬಹುದೇ ಅಂತ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಬೇಕು, ಅದೂ ಆಗದಿದ್ದರೆ ಪಂಪಿಂಗ್ ಸ್ಟೇಷನ್. ಪಂಪ್ ಅಂದರೆ ಕರೆಂಟ್, ಜನರೇಟರ್, ಒಂದು ಕೆಟ್ಟರೆ ಅಂತ ಇನ್ನೊಂದು ಪಂಪ್, ನೋಡಿಕೊಳ್ಳಲು ಜನ, ಎಲ್ಲಾ ಶಾಶ್ವತ ಖರ್ಚು. ನಕ್ಷೆ ಕಾಗದದ ಮೇಲೆ ಇರುವಾಗಲೇ ಬೀದಿ ತಿರುಗಿಸುವುದು ಎಷ್ಟೋ ಅಗ್ಗ. ಇದಕ್ಕೇ ನಾನು ಲೆವೆಲ್ ಲೆವೆಲ್ ಅಂತ ಬಡಿದುಕೊಳ್ಳುವುದು.

ಮ್ಯಾನ್‌ಹೋಲು ಪೈಪು ತಿರುಗುವ ಕಡೆ, ವಾಟ ಬದಲಾಗುವ ಕಡೆ, ಎರಡು ಪೈಪು ಸೇರುವ ಕಡೆ ಇರಲೇಬೇಕು. ನೆಲದಡಿ ಬೆಂಡ್ ಹಾಕಿ ಮುಚ್ಚಿಬಿಡುವ ಕಂಟ್ರಾಕ್ಟರುಗಳಿದ್ದಾರೆ. ಅಲ್ಲೇ ಕಟ್ಟಿಕೊಳ್ಳುತ್ತದೆ, ಎಲ್ಲಿ ಕಟ್ಟಿದೆ ಅಂತ ಗೊತ್ತೂ ಆಗುವುದಿಲ್ಲ.

ಪ್ರತಿ ಸೈಟಿನ ಗಡಿಯವರೆಗೆ ಒಂದು ತುಂಡು ಪೈಪು ಈಗಲೇ ಹಾಕಿ, ಬಾಯಿಗೆ ಮುಚ್ಚಳ ಹಾಕಿ, ಗುರುತಿನ ಕಲ್ಲು ನೆಡಿ. ನೀರಿನ ಪೈಪಿಗೂ ಇದೇ ಮಾತು. ಇದೊಂದನ್ನು ಮಾಡದಿದ್ದರೆ ಪ್ರತಿ ಮನೆ ಕಟ್ಟುವಾಗಲೂ ರಸ್ತೆಗೆ ಒಂದೊಂದು ಕಟಿಂಗ್ ಬೀಳುತ್ತದೆ.

ಹತ್ತಿರದಲ್ಲಿ ಒಳಚರಂಡಿಯೇ ಇಲ್ಲವಾ? ಆಗ ಇರುವುದು ಎರಡು ದಾರಿ. ಸೈಟು ದೊಡ್ಡದಿದ್ದು ಮಣ್ಣು ನೀರು ಹೀರುವಂತಿದ್ದರೆ ಮನೆಮನೆಗೆ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುವ ಜಾಗ. ಮಣ್ಣು ಎಷ್ಟು ಹೀರುತ್ತದೆ ಅಂತ ಪರೀಕ್ಷೆ ಮಾಡಿಸದೆ ಇದಕ್ಕೆ ಕೈ ಹಾಕಬೇಡಿ, ಬಾವಿ ಬೋರ್‌ವೆಲ್‌ಗಳಿಂದ ಟ್ಯಾಂಕ್ ಕನಿಷ್ಠ 15 ಮೀಟರ್, ಇಂಗುವ ಜಾಗ 30 ಮೀಟರ್ ದೂರ ಇರಲಿ. ಚಿಕ್ಕ ಸೈಟುಗಳಾದರೆ ಎಲ್ಲರಿಗೂ ಸೇರಿ ಒಂದು ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ. ಅದನ್ನು ಒಂದೇ ದೊಡ್ಡ ಘಟಕವಾಗಿ ಕಟ್ಟಬೇಡಿ, ಎರಡು ಮೂರು ಭಾಗ ಮಾಡಿ. ಶುದ್ಧ ಮಾಡುವುದು ಬ್ಯಾಕ್ಟೀರಿಯಾ, ಅವುಗಳಿಗೆ ಆಹಾರ ಬೇಕು. ನೂರು ಮನೆಯ ಘಟಕಕ್ಕೆ ಮೊದಲ ವರ್ಷ ಹತ್ತು ಮನೆಯ ಕೊಳಚೆ ಬಂದರೆ ಅವು ಬದುಕುವುದಿಲ್ಲ, ಬರೀ ಗಬ್ಬು ವಾಸನೆ ಉಳಿಯುತ್ತದೆ.

5. ಮಳೆನೀರಿಗೆ ಎರಡು ದಾರಿ ಮಾಡಿ

ಒಂದು ದಾರಿ ದಿನನಿತ್ಯದ ಮಳೆಗೆ. ಅದು ಚರಂಡಿ. ಇನ್ನೊಂದು ಚರಂಡಿ ತುಂಬಿ ಉಕ್ಕುವ ದಿನಕ್ಕೆ, ಅಂಥ ದಿನ ಬಂದೇ ಬರುತ್ತದೆ. ಆ ದಿನ ನೀರು ರಸ್ತೆಯ ಮೇಲೇ ಹರಿದು ಪಾರ್ಕಿಗೋ ಹಳ್ಳಕ್ಕೋ ಸೇರುವಂತೆ ರಸ್ತೆಯ ಲೆವೆಲ್ ಇಡಬೇಕು. ಮಧ್ಯದಲ್ಲಿ ತಗ್ಗಿರುವ ರಸ್ತೆ, ಮುಂದೆ ಗೋಡೆ ಇರುವ ಬೀದಿ, ಇವೆರಡನ್ನೂ ನಕ್ಷೆಯಲ್ಲೇ ಹುಡುಕಿ ಸರಿ ಮಾಡಿ. ಮನೆಯ ನೆಲದ ಮಟ್ಟ ರಸ್ತೆಯ ಮಟ್ಟಕ್ಕಿಂತ ಮೇಲಿರಬೇಕು ಅಂತ ಪ್ರತಿ ಸೈಟಿಗೂ ಅಂಕಿ ಸಮೇತ ಬರೆದುಕೊಡಿ.

ಮೇಲಿನ ಲೆಕ್ಕದಲ್ಲಿ ಕಂಡ ಹೆಚ್ಚುವರಿ ನೀರನ್ನು ತಡೆದು ನಿಧಾನಕ್ಕೆ ಬಿಡಲು ಒಂದು ತಗ್ಗಿನ ಕೊಳ ಬೇಕು. ಬಯಲಿದ್ದಾಗ ಎಷ್ಟು ಹರಿಯುತ್ತಿತ್ತೋ ಅಷ್ಟನ್ನೇ ಹೊರಗೆ ಬಿಡುವಂತೆ ಅದರ ಬಾಯಿಯನ್ನು ಚಿಕ್ಕದು ಮಾಡುತ್ತಾರೆ. ಇಂಗು ಗುಂಡಿ, ಸೂರಿನ ನೀರು ಹಿಡಿಯುವ ಸಂಪ್ ಮಾಡಿದರೆ ಒಳ್ಳೆಯದೇ. 1 ಚದರ ಮೀಟರ್ ಸೂರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು, ಲೆಕ್ಕ ಸುಲಭ. ಆದರೆ ಸಂಪ್ ತುಂಬಿದ ಮೇಲೆ ಬರುವ ಮಳೆಗೆ ಅದು ಉತ್ತರವಲ್ಲ, ಹಾಗಾಗಿ ಸಂಪ್ ಇದೆ ಅಂತ ಚರಂಡಿ ಚಿಕ್ಕದು ಮಾಡಬೇಡಿ. ಮೇಲಿನ ಜಮೀನಿಂದ ಬರುವ ನೀರಿಗೂ ಇದೇ ಚರಂಡಿಯಲ್ಲಿ ಜಾಗ ಇಡಬೇಕು, ಅದಕ್ಕೆ ಅಡ್ಡಗಟ್ಟುವ ಹಾಗಿಲ್ಲ.

6. ಕುಡಿಯುವ ನೀರಿನ ಜಾಲ

ಎರಡು ಅಂತಸ್ತಿನ ಮನೆಯ ಮೇಲಿನ ನಲ್ಲಿಗೂ ನೀರು ಬರಬೇಕಾದರೆ ಬೀದಿಯ ಪೈಪಿನಲ್ಲಿ ಸುಮಾರು 12 ಮೀಟರ್ ಒತ್ತಡ ಉಳಿದಿರಬೇಕು. ಒತ್ತಡವನ್ನು ಮೀಟರಿನಲ್ಲಿ ಹೇಳುವುದು ನೀರು ಎಷ್ಟು ಎತ್ತರಕ್ಕೆ ಏರಬಲ್ಲದು ಅನ್ನುವ ಅರ್ಥದಲ್ಲಿ. 10 ಮೀಟರ್ ಅಂದರೆ ಸುಮಾರು 1 ಬಾರ್. ಓವರ್‌ಹೆಡ್ ಟ್ಯಾಂಕನ್ನು ಜಾಗದ ಎತ್ತರದ ಕಡೆ ಕಟ್ಟಿದರೆ ಕಂಬದ ಎತ್ತರ ಕಡಿಮೆ ಇದ್ದರೂ ಸಾಕಾಗುತ್ತದೆ.

ಪೈಪುಗಳನ್ನು ಮರದ ಕೊಂಬೆಯ ಹಾಗೆ ಬಿಡದೆ ತುದಿಗಳನ್ನು ಒಂದಕ್ಕೊಂದು ಸೇರಿಸಿ ಬಳೆ ಮಾಡಿ. ಒಂದು ಕಡೆ ಒಡೆದರೂ ಇನ್ನೊಂದು ಕಡೆಯಿಂದ ನೀರು ಬರುತ್ತದೆ, ತುದಿಯಲ್ಲಿ ನೀರು ನಿಂತು ಹಳಸುವುದೂ ಕಡಿಮೆ. ಬೀದಿ ಸೇರುವ ಕಡೆಯೆಲ್ಲಾ ವಾಲ್ವ್ ಇರಲಿ, ಒಂದು ಬೀದಿಯ ರಿಪೇರಿಗೆ ಇಡೀ ಲೇಔಟಿನ ನೀರು ನಿಲ್ಲಿಸುವಂತೆ ಆಗಬಾರದು. ಎತ್ತರದ ಜಾಗದಲ್ಲಿ ಗಾಳಿ ಹೊರಗೆ ಬಿಡಲು ಏರ್ ವಾಲ್ವ್, ತಗ್ಗಿನಲ್ಲಿ ಕೆಸರು ತೊಳೆದು ಬಿಡಲು ಸ್ಕೌರ್ ವಾಲ್ವ್ ಬೇಕು. ಬೆಂಕಿ ಆರಿಸುವ ಹೈಡ್ರಂಟ್ ಇರುವ ಲೈನು 150 ಮಿ.ಮೀ.ಗಿಂತ ಕಡಿಮೆ ಬೇಡ. ಮನೆಬಳಕೆಗೆ ಅಷ್ಟು ದೊಡ್ಡದು ಯಾಕೆ ಅಂತ ಅನ್ನಿಸಬಹುದು. ಅಗ್ನಿಶಾಮಕ ವಾಹನ ಒಂದೇ ಹೊತ್ತಿಗೆ ಎಳೆಯುವ ನೀರನ್ನು ಸಣ್ಣ ಪೈಪು ಕೊಡುವುದಿಲ್ಲ.

ಈಗ ಅತಿ ಮುಖ್ಯವಾದ ಎಚ್ಚರಿಕೆ. ನೀರಿನ ಪೈಪು ಮತ್ತು ಒಳಚರಂಡಿ ಪೈಪು ಒಂದೇ ಗುಂಡಿಯಲ್ಲಿ ಅಕ್ಕಪಕ್ಕ ಬೇಡ. ಸಾಧ್ಯವಾದ ಕಡೆಯೆಲ್ಲಾ 3 ಮೀಟರ್ ದೂರ ಇಡಿ. ಅಡ್ಡ ದಾಟುವ ಕಡೆ ನೀರಿನ ಪೈಪು ಮೇಲೆ, ಒಳಚರಂಡಿ ಕೆಳಗೆ, ಮಧ್ಯೆ 45 ಸೆಂ.ಮೀ. ಅಂತರ, ಮತ್ತೆ ಆ ಜಾಗದಲ್ಲಿ ಎರಡು ಪೈಪಿಗೂ ಜಾಯಿಂಟ್ ಬರದಂತೆ ನೋಡಿಕೊಳ್ಳಿ. ಕಾರಣ ಇದು: ನೀರು ಬಿಟ್ಟಾಗ ಸೋರಿಕೆ ಹೊರಗೆ ಹೋಗುತ್ತದೆ, ಆದರೆ ನೀರು ನಿಲ್ಲಿಸಿದಾಗ ಪೈಪಿನೊಳಗಿನ ಒತ್ತಡ ಇಳಿದು ಅದೇ ಬಿರುಕಿನಿಂದ ಸುತ್ತಲಿನ ಕೊಳೆನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಕಡೆ ಇದು ದಿನಾಲೂ ನಡೆಯುತ್ತದೆ. ಜಾಗ ಉಳಿಸಲು, ಅಗೆಯುವ ಖರ್ಚು ಉಳಿಸಲು ಈ ಒಂದು ನಿಯಮವನ್ನು ಮುರಿಯಬೇಡಿ, ಮಕ್ಕಳು ಕುಡಿಯುವ ನೀರು ಅದು.

7. ಕರೆಂಟ್

ಮನೆಗೆ 5 ಕಿಲೋವ್ಯಾಟ್ ಅಂದರೆ 100 ಮನೆಗೆ 500. ಎಲ್ಲರೂ ಎಲ್ಲವನ್ನೂ ಒಟ್ಟಿಗೆ ಹಾಕುವುದಿಲ್ಲ ಅಂತ ಅದರ ಅರ್ಧ ಹಿಡಿಯುತ್ತಾರೆ ಅಂದುಕೊಳ್ಳಿ, 250 ಕಿಲೋವ್ಯಾಟ್, ಟ್ರಾನ್ಸ್‌ಫಾರ್ಮರ್ ಲೆಕ್ಕದಲ್ಲಿ ಸುಮಾರು 280 ಕೆವಿಎ. ಅದರ ಮೇಲೆ ಪಂಪ್, ಬೀದಿ ದೀಪ, ಎಸ್‌ಟಿಪಿ. ಒಂದೇ ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು 250 ಕೆವಿಎಯ ಎರಡು ಇಟ್ಟು, ಎರಡನ್ನೂ ಲೋಡಿನ ಮಧ್ಯಕ್ಕೆ ಇಟ್ಟರೆ ಕೊನೆಯ ಮನೆಗೆ ವೋಲ್ಟೇಜ್ ಇಳಿಯುವುದಿಲ್ಲ. ಗೇಟಿನ ಹತ್ತಿರ ಜಾಗ ಖಾಲಿ ಇದೆ ಅಂತ ಅಲ್ಲಿ ನಿಲ್ಲಿಸುವುದು ತಪ್ಪು.

ಈ ಅರ್ಧದ ಲೆಕ್ಕ ಈಗ ಸಡಿಲವಾಗುತ್ತಿದೆ. 32 ಆಂಪಿಯರಿನ ಕಾರ್ ಚಾರ್ಜರ್ ಒಂದೇ 7 ಕಿಲೋವ್ಯಾಟ್ ಎಳೆಯುತ್ತದೆ, ರಾತ್ರಿ ಎಲ್ಲರೂ ಮನೆಗೆ ಬಂದು ಒಂದೇ ಹೊತ್ತಿಗೆ ಹಾಕುತ್ತಾರೆ. ಮೂರನೇ ಟ್ರಾನ್ಸ್‌ಫಾರ್ಮರಿಗೆ ಜಾಗ, ರಸ್ತೆ ದಾಟಲು ಖಾಲಿ ಡಕ್ಟ್ (ಕೇಬಲ್ ತೂರಿಸುವ ಕೊಳವೆ) ಈಗಲೇ ಬಿಟ್ಟಿಡಿ. ಬೀದಿ ದೀಪಕ್ಕೆ ಬೇರೆ ಮೀಟರ್ ಇರಲಿ, ಬಿಲ್ ಯಾರು ಕಟ್ಟುತ್ತಾರೆ ಅನ್ನುವುದೂ ಕಾಗದದಲ್ಲಿರಲಿ.

8. ಇಂಟರ್ನೆಟ್, ಗ್ಯಾಸ್

ಇಲ್ಲಿ ಹೇಳಲು ಜಾಸ್ತಿ ಇಲ್ಲ. ಎರಡು ಮೂರು ಖಾಲಿ ಡಕ್ಟ್ ಹಾಕಿ, ಒಳಗೆ ಎಳೆಯಲು ಹಗ್ಗ ಬಿಡಿ, ಯಾವ ಕಂಪನಿ ಬಂದರೂ ಅಗೆಯದೆ ಕೇಬಲ್ ಹಾಕಬಹುದು. ಒಂದೇ ಕಂಪನಿಗೆ ಡಕ್ಟ್ ಬರೆದುಕೊಡಬೇಡಿ. ಪೈಪ್ ಗ್ಯಾಸ್ ಬರುವ ಸಾಧ್ಯತೆ ಇದ್ದರೆ ಅದಕ್ಕೆ ಒಂದು ಪಟ್ಟಿ ಜಾಗ ಮೀಸಲಿಡಿ. ಕೆಲಸ ಗ್ಯಾಸ್ ಕಂಪನಿಯವರೇ ಮಾಡಲಿ.

9. ಅಗೆಯುವ ಮುಂಚೆ ರಸ್ತೆಯ ಅಡ್ಡ ನಕ್ಷೆ

ರಸ್ತೆಯನ್ನು ಅಡ್ಡಕ್ಕೆ ಕೊಯ್ದರೆ ಹೇಗೆ ಕಾಣುತ್ತದೋ ಹಾಗೆ ಒಂದು ಚಿತ್ರ ಬರೆಸಿ. ಯಾವ ಲೈನು ಗಡಿಯಿಂದ ಎಷ್ಟು ದೂರ, ಎಷ್ಟು ಆಳ, ಎಲ್ಲಾ ಅದರಲ್ಲಿರಲಿ. ಮರ ನೆಡುವ ಸಾಲನ್ನೂ ಅದರಲ್ಲೇ ಹಾಕಿ, ಬೇರುಗಳು ಒಳಚರಂಡಿಯ ಜಾಯಿಂಟ್ ಹುಡುಕಿಕೊಂಡು ಹೋಗುತ್ತವೆ. ಈ ಒಂದು ಹಾಳೆ ಎಲ್ಲಾ ಕಂಟ್ರಾಕ್ಟರುಗಳ ಕೈಯಲ್ಲಿರಬೇಕು.

ಆಳವಾದದ್ದು ಮೊದಲು: ಒಳಚರಂಡಿ, ಆಮೇಲೆ ಮಳೆನೀರು, ನೀರು, ಕರೆಂಟ್, ಡಕ್ಟ್. ಕೊನೆಗೆ ರಸ್ತೆ. ಗುಂಡಿ ಮುಚ್ಚುವಾಗ ಮಣ್ಣನ್ನು 15-20 ಸೆಂ.ಮೀ. ಪದರ ಪದರವಾಗಿ ಹಾಕಿ ಕುಟ್ಟಿಸಿ. ಒಂದೇ ಸಲ ಮಣ್ಣು ಸುರಿದು ಮೇಲೆ ರೋಲರ್ ಓಡಿಸಿದರೆ ಮೊದಲ ಮಳೆಗಾಲದಲ್ಲೇ ರಸ್ತೆ ಆ ಗೆರೆಯ ಉದ್ದಕ್ಕೂ ಕುಸಿಯುತ್ತದೆ. ಪೈಪು ಮತ್ತು ಕೇಬಲ್ ಮೇಲೆ ಒಂದು ಅಡಿ ಎತ್ತರಕ್ಕೆ ಎಚ್ಚರಿಕೆ ಪಟ್ಟಿ ಹಾಕಿ, ಮುಂದೆ ಯಾರಾದರೂ ಅಗೆದರೆ ಮೊದಲು ಅದೇ ಸಿಗಲಿ. ಪ್ಲಾಸ್ಟಿಕ್ ಪೈಪನ್ನು ಲೋಹ ಪತ್ತೆ ಮಾಡುವ ಯಂತ್ರ ಕಾಣುವುದಿಲ್ಲ, ಅದಕ್ಕೆ ಜೊತೆಯಲ್ಲೊಂದು ತಾಮ್ರದ ತಂತಿ ಎಳೆಯಿರಿ.

ಗುಂಡಿ 1.5 ಮೀಟರಿಗಿಂತ ಆಳ ಹೋದರೆ ಬದಿಗಳಿಗೆ ಹಲಗೆ ಆಸರೆ ಕೊಡಿಸಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಮೇಲೆ ತೂಗುತ್ತದೆ, ಅದು ಜಾರಿದರೆ ಕೆಳಗಿದ್ದವರಿಗೆ ಓಡಲು ಸಮಯವೇ ಸಿಗುವುದಿಲ್ಲ. ಅಗೆದ ಮಣ್ಣನ್ನು ಗುಂಡಿಯ ಅಂಚಿಗೇ ರಾಶಿ ಹಾಕಲೂ ಬಿಡಬೇಡಿ. ಆಸರೆ ಹಾಕದೆ ಜನರನ್ನು ಇಳಿಸುವ ಕಂಟ್ರಾಕ್ಟರನ ಕೆಲಸ ಅಲ್ಲೇ ನಿಲ್ಲಿಸಿ.

10. ಡಾಂಬರಿಗೆ ಮೊದಲು ಪರೀಕ್ಷೆ

ನೀರಿನ ಪೈಪಿಗೆ ಬಳಕೆಯ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ನಿಲ್ಲಿಸಿ ನೋಡುತ್ತಾರೆ. ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಆಮೇಲೆ ಕ್ಲೋರಿನ್ ನೀರು ತುಂಬಿ ಒಂದು ದಿನ ಬಿಟ್ಟು, ತೊಳೆದು, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ವರದಿ ಬರುವವರೆಗೆ ಯಾರಿಗೂ ಸಂಪರ್ಕ ಬೇಡ.

ಒಳಚರಂಡಿಗೆ ಒಂದು ಮ್ಯಾನ್‌ಹೋಲಿನಲ್ಲಿ ದೀಪ ಹಿಡಿದು ಇನ್ನೊಂದರಿಂದ ಕನ್ನಡಿ ಇಳಿಸಿ ನೋಡುವ ಹಳೇ ವಿಧಾನ ಈಗಲೂ ಒಳ್ಳೆಯದೇ, ಬೆಳಕಿನ ಪೂರ್ತಿ ವೃತ್ತ ಕಾಣಬೇಕು, ಅರ್ಧ ಕಂಡರೆ ಪೈಪು ಬಾಗಿದೆ. ಕ್ಯಾಮೆರಾ ಬಿಟ್ಟು ವಿಡಿಯೋ ಮಾಡಿಸಿದರೆ ಇನ್ನೂ ಒಳ್ಳೆಯದು. ಮೊದಲ ಕೆಲವು ವರ್ಷ ಮನೆ ಕಡಿಮೆ ಇರುವಾಗ ಎರಡೂ ಜಾಲಕ್ಕೆ ತೊಂದರೆ: ಒಳಚರಂಡಿಯಲ್ಲಿ ಹರಿವು ಸಾಲದೆ ಹೂಳು ಕೂರುತ್ತದೆ, ನೀರಿನ ಪೈಪಿನಲ್ಲಿ ನೀರು ದಿನಗಟ್ಟಲೆ ನಿಂತು ಕ್ಲೋರಿನ್ ಇಳಿಯುತ್ತದೆ. ಎರಡನ್ನೂ ಆಗಾಗ ನೀರು ಬಿಟ್ಟು ತೊಳೆಯುವ ಹೊಣೆ ಯಾರದು ಅಂತ ಈಗಲೇ ನಿರ್ಧರಿಸಿ.

11. ಹಸ್ತಾಂತರ

ಕೆಲಸ ಮುಗಿದಾಗ ನಿಮಗೆ ಬೇಕಾದದ್ದು ಆಸ್-ಬಿಲ್ಟ್ ನಕ್ಷೆ. ಮಾಡಬೇಕು ಅಂದುಕೊಂಡದ್ದಲ್ಲ, ನಿಜವಾಗಿ ಎಲ್ಲಿ ಎಷ್ಟು ಆಳದಲ್ಲಿ ಏನು ಹಾಕಿದೆ ಅನ್ನುವುದು. ಇದನ್ನು ಗುಂಡಿ ತೆರೆದಿರುವಾಗಲೇ ಅಳೆದು ಬರೆಯಬೇಕು, ಮುಚ್ಚಿದ ಮೇಲೆ ನೆನಪಿನಿಂದ ಬರೆದದ್ದು ಸುಮ್ನೆ ಕಾಗದ. ತೆರೆದ ಗುಂಡಿಯ ಫೋಟೋದಲ್ಲಿ ಅಳತೆ ಪಟ್ಟಿ ಮತ್ತು ಹತ್ತಿರದ ಗಡಿಕಲ್ಲು ಎರಡೂ ಕಾಣಲಿ.

ಜೊತೆಗೆ ಪರೀಕ್ಷೆಯ ವರದಿಗಳು, ಪಂಪ್ ಮತ್ತು ಟ್ರಾನ್ಸ್‌ಫಾರ್ಮರ್ ಗ್ಯಾರಂಟಿ ಕಾರ್ಡ್, ವಾಲ್ವ್‌ಗಳ ಪಟ್ಟಿ, ಸ್ಥಳೀಯ ಸಂಸ್ಥೆ ಜಾಲವನ್ನು ವಹಿಸಿಕೊಂಡ ಪತ್ರ. ಅವರು ವಹಿಸಿಕೊಳ್ಳುವವರೆಗೆ ರಿಪೇರಿ ನಿಮ್ಮದೇ, ಅದಕ್ಕೆ ಕಂಟ್ರಾಕ್ಟರನ ಹಣದಲ್ಲಿ ಒಂದು ಭಾಗವನ್ನು ಕನಿಷ್ಠ ಒಂದು ಮಳೆಗಾಲ ಕಳೆಯುವವರೆಗೆ ತಡೆದಿಡಿ.

ಸೈಟ್ ಕೊಳ್ಳುವವರು ಇದೇ ಕಾಗದಗಳನ್ನು ಕೇಳಿ. ಒಪ್ಪಿಗೆ ಪತ್ರದ ಅವಧಿ, ನೀರಿನ ಮಾದರಿಯ ವರದಿ, ಆಸ್-ಬಿಲ್ಟ್ ನಕ್ಷೆಯಲ್ಲಿ ನಿಮ್ಮ ಸೈಟಿನ ಮುಂದಿನ ಪೈಪಿನ ಆಳ, ಇಷ್ಟನ್ನಾದರೂ ಕಣ್ಣಾರೆ ನೋಡಿ. ಜಾಗ ನೋಡಲು ಜೋರು ಮಳೆ ಬಂದ ಮಾರನೇ ದಿನ ಹೋಗಿ, ತಗ್ಗಿನ ಮೂಲೆಯಿಂದ ನಡೆಯಲು ಶುರು ಮಾಡಿ.